ಲಕ್ಕವಳ್ಳಿಯಲ್ಲೊಂದು ಪಿಟೀಲು

ಮೇಷ್ಟ್ರು ಪಿಟೀಲಿನ ಪೆಟ್ಟಿಗೆಯನ್ನು ತಂದದ್ದು ಅಡುಗೆಮನೆಯಿಂದ. ಒಲೆಯ ಪಕ್ಕದ ಗೋಡೆಗೂಡಿನಲ್ಲಿ, ಒಣಮೆಣಸಿನ ಡಬ್ಬಿಗೂ ಹುರುಳಿಯ ಡಬ್ಬಿಗೂ ನಡುವೆ ಅದರ ಜಾಗ. “ಇಲ್ಲಿ ಜೂನಲ್ಲಿ ಮಳೆ ಹಿಡೀತು ಅಂದ್ರೆ ಗೋಡೆಯೇ ಬೆವರುತ್ತೆ. ಅಂಟು ಬಿಡುತ್ತೆ, ತಂತಿ ತುಕ್ಕು ಹಿಡಿಯುತ್ತೆ. ಒಲೆ ಕಾವು ಹಿತವಾಗಿ ತಾಗೋ ಜಾಗ ಇದೊಂದೇ” ಎಂದರು. ಪೆಟ್ಟಿಗೆ ತೆರೆದಾಗ ಮೊದಲು ಹೊಗೆಯ ವಾಸನೆ ಬಂತು, ಅದರ ಹಿಂದೆ ಕಮಾನಿಗೆ ಉಜ್ಜುವ ರಾಳದ್ದು. ಪಿಟೀಲಿನ ಕತ್ತಿನ ಮೇಲೆ ಬೆರಳು ಓಡಾಡುವ ಕಡೆ ಕಪ್ಪು ಬಣ್ಣ ಸವೆದು ಮರದ ಬಣ್ಣ ಕಾಣುತ್ತಿತ್ತು. ಗದ್ದೆಯ ಬದುವಿನ ಹುಲ್ಲಿನ ನಡುವೆ ಕಾಲುದಾರಿ ಬೀಳುತ್ತದಲ್ಲ, ಹಾಗೆ ಅಲ್ಲೊಂದು ದಾರಿ ಬಿದ್ದಿತ್ತು.

ಲಕ್ಕವಳ್ಳಿಗೆ ಹೆಚ್ಚಿನವರು ಬರುವುದು ಭದ್ರಾ ಅಣೆಕಟ್ಟು ನೋಡಲು, ಇಲ್ಲವೇ ಕಾಡಿನಲ್ಲಿ ಹುಲಿ, ಆನೆ ಅರಸಿ. ನಾನು ಬಂದದ್ದು ಈ ಪಿಟೀಲಿಗಾಗಿ. ಶನಿವಾರದ ಭಜನೆಗೆ ಪಿಟೀಲು ನುಡಿಸುವ, ಎಂಬತ್ತು ದಾಟಿದ ನಿವೃತ್ತ ಪ್ರಾಥಮಿಕ ಶಾಲಾ ಮೇಷ್ಟ್ರೊಬ್ಬರು ಅಲ್ಲಿದ್ದಾರೆಂದು ಸ್ನೇಹಿತನೊಬ್ಬ ಹೇಳಿದ್ದ. ನನ್ನ ಕಿವಿಯಲ್ಲಿ ಬಹಳ ವರ್ಷಗಳಿಂದ ಇಬ್ಬರು ಕೂತಿದ್ದಾರೆ. ಒಬ್ಬರು ನಮ್ಮ ಪಿಟೀಲು ಚೌಡಯ್ಯ. ಇನ್ನೊಬ್ಬ ಐರ್ಲೆಂಡಿನ ಮೈಕೆಲ್ ಕೋಲ್ಮನ್. ಸಭೆ, ವಿಮರ್ಶೆ, ಬಿರುದುಗಳಿಂದ ದೂರದಲ್ಲಿ, ಈ ವಾದ್ಯದ ಜೊತೆ ಸುಮ್ಮನೆ ಬಾಳು ಕಳೆದವರೊಬ್ಬರ ಪಕ್ಕ ಕೂತು ಅವರಿಬ್ಬರನ್ನೂ ಕೇಳಬೇಕೆಂಬ ಆಸೆ ನನ್ನದು.

ಪಿಟೀಲು ಎಂಬ ಮಾತೇ ನನಗೆ ಪ್ರೀತಿಯದು. ಸಭೆಯ ಆಹ್ವಾನಪತ್ರಿಕೆಯಲ್ಲಿ ಅದು ವಯೊಲಿನ್. ಮನೆಯಲ್ಲಿ, ಊರಲ್ಲಿ, ನಾಟಕದ ಕಂಪನಿಯಲ್ಲಿ ಪಿಟೀಲು. ಇಂಗ್ಲಿಷಿನ ಫಿಡಲ್ ನಮ್ಮ ನಾಲಿಗೆಯ ಮೇಲೆ ಉರುಳಿ ಉರುಳಿ ಪಿಟೀಲಾಯಿತು. ಐರ್ಲೆಂಡಿನ ಹಳ್ಳಿಯವರೂ ತಮ್ಮ ವಾದ್ಯವನ್ನು ವಯೊಲಿನ್ ಅನ್ನುವುದಿಲ್ಲ, ಫಿಡಲ್ ಅನ್ನುತ್ತಾರೆ. ಪೆಟ್ಟಿಗೆಯೊಳಗಿನದು ಎರಡು ಕಡೆಯೂ ಒಂದೇ. ಇಟಲಿಯಲ್ಲಿ ರೂಪ ಪಡೆದ, ನಾಲ್ಕು ತಂತಿಯ, ಅದೇ ಅಳತೆಯ ಮರದ ವಾದ್ಯ. ದೊಡ್ಡ ಮನೆತನದ ಹೆಸರನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದ ಮಗುವಿನ ಹಾಗೆ, ಅದು ಎರಡು ನಾಡುಗಳಲ್ಲೂ ಅಡ್ಡಹೆಸರಿನಿಂದಲೇ ಮನೆಯವರದಾಯಿತು.

ಆ ದಿನ ಬೆಳಿಗ್ಗೆ ತರೀಕೆರೆಯಲ್ಲಿ ಬಸ್ಸಿಳಿದು ಮೊದಲು ಅಮೃತಾಪುರಕ್ಕೆ ಹೋಗಿದ್ದೆ. ಲಕ್ಕವಳ್ಳಿಯ ದಾರಿಗೆ ಅದು ವಿರುದ್ಧ ದಿಕ್ಕು, ಏಳೆಂಟು ಕಿಲೋಮೀಟರ್. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಸ್ಥಾನ ಅಲ್ಲಿದೆ. ಸುತ್ತ ತೆಂಗು, ಅಡಿಕೆ. ಮಂಟಪದ ತಿರುಗಣೆ ಕಂಬಗಳು ಈಗಲೂ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತವೆ. ಇಲ್ಲಿ ಕೆಲಸ ಮಾಡಿದ ರೂವಾರಿಗಳಲ್ಲಿ ಮಲ್ಲಿತಮ್ಮನ ಹೆಸರು ಬರುತ್ತದೆ. ಅವನು ಪಳಗಿದ್ದು ಇಲ್ಲಿಯೇ ಎಂದು ಬಲ್ಲವರು ಹೇಳುತ್ತಾರೆ. ಅದೇ ಹೆಸರು ಎಷ್ಟೋ ದೇವಾಲಯಗಳ ಗೋಡೆಗಳನ್ನು ದಾಟಿ ಕೊನೆಗೆ ಕಾಣುವುದು 1268ರ ಹೊತ್ತಿನ ಸೋಮನಾಥಪುರದಲ್ಲಿ. ಸೋಮನಾಥಪುರ ಇರುವುದು ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ. ಚೌಡಯ್ಯನವರು ಹುಟ್ಟಿದ ತಿರುಮಕೂಡಲು ಅಲ್ಲಿಯದೇ, ಕಾವೇರಿಗೆ ಕಪಿಲೆ ಸೇರುವ ಸಂಗಮದ ದಡ. ತರೀಕೆರೆಯ ಬಯಲಲ್ಲಿ ಉಳಿ ಹಿಡಿದು ಕಲಿತವನ ಕೈ ಆ ಸಂಗಮದ ಸೀಮೆಗೆ ಹೋಗಿ ಮಾಗಿತು. ಆರುನೂರು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಅದೇ ಸೀಮೆಯಲ್ಲಿ ಹುಟ್ಟಿದ ಇನ್ನೊಂದು ಕೈಯ ನಾದವನ್ನು ಕೇಳಲು ನಾನು ತರೀಕೆರೆಯ ಕಡೆಗೆ ಬಂದಿದ್ದೆ. ಕಂಬಕ್ಕೆ ಒರಗಿ ಬಹಳ ಹೊತ್ತು ಅದನ್ನೇ ಯೋಚಿಸುತ್ತ ಕೂತಿದ್ದೆ.

ತರೀಕೆರೆಯಿಂದ ಲಕ್ಕವಳ್ಳಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ದಾರಿಯಲ್ಲಿ ಬಯಲುಸೀಮೆ ಮಲೆನಾಡಾಗುವುದು ಕಣ್ಣೆದುರೇ ನಡೆಯುತ್ತದೆ. ಕೆಂಪು ಹೊಲ ಹಿಂದೆ ಸರಿದು ಅಡಿಕೆ ತೋಟ ಹತ್ತಿರವಾಗುತ್ತದೆ, ಗುಡ್ಡಗಳು ಎದ್ದು ನಿಲ್ಲುತ್ತವೆ, ಗಾಳಿಯ ತೂಕ ಬದಲಾಗುತ್ತದೆ. ಮೇಷ್ಟ್ರ ಮನೆ ಮುಟ್ಟಿದಾಗ ಮಧ್ಯಾಹ್ನದ ಊಟದ ಹೊತ್ತು. ಉಂಡು, ಜಗಲಿಯ ಮೇಲೆ ಚಾಪೆ ಹಾಸಿ, ಆಮೇಲೆ ಪೆಟ್ಟಿಗೆ ತೆರೆದದ್ದು.

ಅವರು ಚಕ್ಕಳಮಕ್ಕಳ ಹಾಕಿ ಕೂತು ಬಲಗಾಲನ್ನು ತುಸು ಮುಂದೆ ಚಾಚಿದರು. ಪಿಟೀಲಿನ ಸುರುಳಿ ತಲೆಯನ್ನು ಬಲಗಾಲಿನ ಹರಡಿನ ಮೇಲಿಟ್ಟು ಇನ್ನೊಂದು ತುದಿಯನ್ನು ಎದೆಗೆ ಆನಿಸಿಕೊಂಡರು. ಯುರೋಪಿನವರು ಗದ್ದಕ್ಕೆ ಒತ್ತಿ ಹಿಡಿಯುವ ವಾದ್ಯ ನಮ್ಮಲ್ಲಿ ನೆಲಕ್ಕಿಳಿದು ಕೂತದ್ದು ಬರಿಯ ಶಿಷ್ಟಾಚಾರಕ್ಕಲ್ಲ. ಎದೆಗೂ ಕಾಲಿಗೂ ನಡುವೆ ಭದ್ರವಾಗಿ ಕೂತ ಪಿಟೀಲನ್ನು ಎಡಗೈ ಹಿಡಿದುಕೊಳ್ಳಬೇಕಾಗಿಲ್ಲ. ಬಿಡುವಾದ ಕೈ ತಂತಿಯ ಉದ್ದಕ್ಕೂ ಜಾರಬಹುದು, ತೂಗಬಹುದು, ಗಮಕದ ಸಣ್ಣ ಸಣ್ಣ ಮಡಿಕೆಗಳಲ್ಲೆಲ್ಲ ಇಳಿದು ಬರಬಹುದು. ಶ್ರುತಿಯೂ ನಮ್ಮದೇ. “ಅವರು ನಾಲ್ಕು ತಂತಿಗೆ ನಾಲ್ಕು ಸ್ವರ ಕಟ್ತಾರೆ. ನಮಗೆ ಎರಡೇ ಸಾಕು. ಸ, ಪ, ಮತ್ತೆ ಸ, ಪ. ಹಾಡೋರಿಗೆ ಏನು ಆಧಾರವೋ ಅದೇ ತಂತಿಗೂ ಆಧಾರ” ಎಂದು ಮೇಷ್ಟ್ರು ಬಿರಡೆ ತಿರುಗಿಸುತ್ತ ಹೇಳಿದರು.

ಹೀಗೆ ಕೂರಿಸಿದವರಲ್ಲಿ ಮೊದಲ ಹೆಸರು ಬಾಲುಸ್ವಾಮಿ ದೀಕ್ಷಿತರದು, ಮುತ್ತುಸ್ವಾಮಿ ದೀಕ್ಷಿತರ ತಮ್ಮ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಯುರೋಪಿಯನ್ನರಿಂದ ಈ ವಾದ್ಯ ಕಲಿತು ಅದನ್ನು ನಮ್ಮ ಹಾಡಿಗೆ ಬಗ್ಗಿಸಿದವರು. ತಂಜಾವೂರು ಸೋದರರಲ್ಲಿ ಒಬ್ಬರಾದ ವಡಿವೇಲು ಅದನ್ನು ಇನ್ನಷ್ಟು ಬೆಳೆಸಿದರು. ಒಂದೇ ಶತಮಾನದಲ್ಲಿ ಪಿಟೀಲಿಲ್ಲದ ಕಚೇರಿಯೇ ಇಲ್ಲವೆನ್ನುವ ಸ್ಥಿತಿ ಬಂತು. ಹೊರಗಿನಿಂದ ಬಂದ ವಾದ್ಯಗಳಲ್ಲಿ ಇಷ್ಟು ಬೇಗ ಇಷ್ಟು ಒಳಗೆ ಬಂದದ್ದು ನನಗೆ ತಿಳಿದಂತೆ ಇನ್ನೊಂದಿಲ್ಲ.

ನಾನು ಮೊಬೈಲಿನಲ್ಲಿ ತಂದಿದ್ದ ಕೋಲ್ಮನ್‌ನ ಮುದ್ರಣವನ್ನು ಹಾಕಿದೆ. 1934ರಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಣವಾದ, ‘ಟಾರ್ಬೋಲ್ಟನ್’ನಿಂದ ಶುರುವಾಗಿ ಒಂದರ ಬೆನ್ನಿಗೆ ಒಂದು ಬರುವ, ರೀಲ್ ಎಂಬ ಬಗೆಯ ಮೂರು ಮಟ್ಟುಗಳು. ಹಿಂದೆ ಪಿಯಾನೋ ಒಂದು ಹೆಜ್ಜೆ ಹಾಕುತ್ತಿರುತ್ತದೆ, ಮುಂದೆ ಫಿಡಲ್ ತೊರೆಯ ಹಾಗೆ ನಿಲ್ಲದೆ ಹರಿಯುತ್ತದೆ. ಎಲ್ಲ ಸೇರಿ ಮೂರು ನಿಮಿಷ, ಆಗಿನ ತಟ್ಟೆಯ ಒಂದು ಮಗ್ಗುಲು ಹಿಡಿಯುತ್ತಿದ್ದಷ್ಟು. ಮೇಷ್ಟ್ರು ಮೊದಲ ಸಲ ಕಣ್ಣು ಮುಚ್ಚಿ ಕೇಳಿದರು. ಏನೂ ಹೇಳಲಿಲ್ಲ. ಎರಡನೆಯ ಸಲ ಅವರ ಬೆರಳು ತೊಡೆಯ ಮೇಲೆ ಎಣಿಸತೊಡಗಿತು. ಮೂರನೆಯ ಸಲ ಅರ್ಧದಲ್ಲೇ ಕೈ ಎತ್ತಿ ನಿಲ್ಲಿಸಿ ಎಂದು ಸನ್ನೆ ಮಾಡಿ, “ಇದು ಕುಣಿಯೋರ ಕಾಲು ನೋಡ್ಕೊಂಡು ನುಡಿಸಿರೋದು. ನುಡಿಸಿರೋನಿಗೂ ಕುಣಿಯೋಕೆ ಬರ್ತಿರಬೇಕು” ಎಂದರು.

ನನಗೆ ಮೈ ಝುಮ್ಮೆಂದಿತು. ಕೋಲ್ಮನ್ ನಿಜಕ್ಕೂ ಕುಣಿತಗಾರನಾಗಿದ್ದ. 1891ರಲ್ಲಿ ಐರ್ಲೆಂಡಿನ ಪಶ್ಚಿಮಕ್ಕಿರುವ ಸ್ಲೈಗೋ ಸೀಮೆಯ ಕಿಲ್ಲವಿಲ್ ಎಂಬ ಹಳ್ಳಿಗಾಡಿನಲ್ಲಿ ಹುಟ್ಟಿದವನು, 1914ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದ. 1921ರಿಂದ 1936ರವರೆಗೆ ಅಲ್ಲಿ ಹಲವಾರು ತಟ್ಟೆಗಳಿಗೆ ನುಡಿಸಿ 1945ರಲ್ಲಿ ನ್ಯೂಯಾರ್ಕಿನಲ್ಲೇ ತೀರಿಕೊಂಡ. ಆ ತಟ್ಟೆಗಳು ಸಮುದ್ರ ದಾಟಿ ಅವನ ಊರಿಗೆ ಮರಳಿದವು. ಹಳ್ಳಿ ಹಳ್ಳಿಯ ಹುಡುಗರು ಸೂಜಿಯನ್ನು ಎತ್ತಿ ಎತ್ತಿ ಇಟ್ಟು ಅವನ ಕಮಾನನ್ನು ಕಲಿತರು. ಅಲ್ಲಿಯೂ ಸೀಮೆಗೊಂದು ಬಾನಿ. ಡೊನೆಗಾಲ್‌ನವರ ಕಮಾನು ಒಂದೊಂದು ಸ್ವರಕ್ಕೂ ಬೇರೆ ಬೇರೆಯಾಗಿ ಕಡಿದು ಬೀಳುತ್ತದೆ. ಸ್ಲೈಗೋದವರದು ಹಲವು ಸ್ವರಗಳನ್ನು ಒಂದೇ ಎಳೆತದಲ್ಲಿ ಪೋಣಿಸುತ್ತದೆ. ಪೂರ್ವ ಕ್ಲೇರ್‌ನವರದು ನಿಧಾನ, ಒಳಗೊಳಗೇ ಕೊರಗುವಂಥದು. ಆ ಸೀಮೆಯ ಮಾರ್ಟಿನ್ ಹೇಯ್ಸ್ ಇವತ್ತಿಗೂ ಅದನ್ನು ಲೋಕವೆಲ್ಲ ಸುತ್ತಿ ಕೇಳಿಸುತ್ತಿದ್ದಾರೆ. ಕೋಲ್ಮನ್‌ನ ಮೋಡಿಗೆ ಸಿಕ್ಕಿ ಎಷ್ಟೋ ಊರುಗಳು ತಮ್ಮ ಕೈಯ ದಾರಿಯನ್ನೇ ಮರೆತವು ಎಂಬ ನೋವೂ ಅಲ್ಲಿಯವರಿಗಿದೆ.

ಮೇಷ್ಟ್ರು ಆ ರಾಗದ ಮೊದಲ ತುಣುಕನ್ನು ಹುಡುಕುತ್ತ ಕಮಾನು ಎಳೆದರು. ಒಂದು ಕಡೆ ಕೋಲ್ಮನ್ ಒಂದೇ ಸ್ವರವನ್ನು ಹಿಡಿದು ಅದರ ಮೇಲಿನದನ್ನೂ ಕೆಳಗಿನದನ್ನೂ ಮಿಂಚಿನ ಹಾಗೆ ತಟ್ಟಿ ಮತ್ತೆ ಅದಕ್ಕೇ ಬರುತ್ತಾನೆ. ಅವರು ಅದನ್ನು ರೋಲ್ ಅನ್ನುತ್ತಾರೆ. ಮೇಷ್ಟ್ರು ಎರಡು ಮೂರು ಸಲ ತಡವರಿಸಿ ಅದನ್ನು ಹಿಡಿದಾಗ ಮುಖ ಅರಳಿತು. “ನಮ್ಮ ಸ್ಫುರಿತ ಗಮಕದ ತಮ್ಮ ಇದು” ಎಂದರು. ಇನ್ನೊಂದನ್ನೂ ಅವರೇ ಗುರುತಿಸಿದರು. ರೀಲ್ ಎಂದರೆ ಎರಡು ಭಾಗ; ಒಂದೊಂದೂ ಮರಳಿ ಮರಳಿ ಬರುತ್ತದೆ. ಪ್ರತಿ ಸುತ್ತಿನಲ್ಲೂ ಎಲ್ಲೋ ಒಂದೆಳೆ ಬದಲಾಗಿರುತ್ತದೆ. “ಸಂಗತಿ ಹಾಕ್ತಾ ಇದ್ದಾನೆ ನೋಡಿ” ಎಂದರು. ಕೃತಿಯ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತ ಅದನ್ನು ಮೊಗ್ಗಿನಿಂದ ಹೂವಿಗೆ ತರುವುದು ನಮ್ಮ ಸಂಗತಿ. ಅವರದು ಕುಣಿಯುವವರು ದಣಿಯದಿರಲೆಂದು ಹುಟ್ಟಿದ್ದು, ನಮ್ಮದು ಸಾಹಿತ್ಯದ ಮಾತೊಂದು ಮನಸ್ಸಿಗೆ ಇಳಿಯಲೆಂದು.

ಆ ವ್ಯತ್ಯಾಸವೇ ನನಗೆ ಅಂದು ದೊಡ್ಡದಾಗಿ ಕಂಡದ್ದು. ಐರಿಷ್ ಫಿಡಲ್ ಕಾಲಿನ ಹಿಂದೆ ಹೋಯಿತು, ನಮ್ಮ ಪಿಟೀಲು ಕಂಠದ ಹಿಂದೆ ಹೋಯಿತು. ತನ್ನದೆಂಬ ಹಟವಿಲ್ಲದೆ ಆಯಾ ನಾಡಿನ ಜೀವನಾಡಿ ಎಲ್ಲಿ ಮಿಡಿಯುತ್ತದೋ ಅದಕ್ಕೆ ಕಿವಿ ಕೊಟ್ಟು ಹಿಂಬಾಲಿಸಿದ್ದರಿಂದಲೇ ಅದು ಎರಡೂ ಕಡೆ ಪರಕೀಯವಾಗಿ ಉಳಿಯಲಿಲ್ಲ.

ಸಂಜೆಯ ಕಾಫಿಯಾದ ಮೇಲೆ ಮಾತು ಚೌಡಯ್ಯನವರ ಕಡೆ ಹೊರಳಿತು. ಮೇಷ್ಟ್ರು ಅವರನ್ನು ಕಣ್ಣಾರೆ ಕಂಡವರಲ್ಲ. ಕೇಳಿದ್ದು ರೇಡಿಯೊದಲ್ಲಿ. ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಮೇಷ್ಟ್ರ ತಂದೆ ಅಲ್ಲಿ ಕೆಲಸಕ್ಕಿದ್ದರು. ಹಗಲೆಲ್ಲ ಬಂಡೆ ಸಿಡಿಸುವ ಸದ್ದು, ಲಾರಿಗಳ ಸದ್ದು. ರಾತ್ರಿ ಕ್ಯಾಂಪಿನಲ್ಲಿ ಒಂದೇ ಒಂದು ರೇಡಿಯೊ, ಅದರ ಸುತ್ತ ಹತ್ತಾರು ಜನ. “ಹಾಡುಗಾರ ನಿಲ್ಲಿಸಿದ ಮೇಲೂ ಆ ಸ್ವರ ಅರೆಗಳಿಗೆ ಅಲ್ಲೇ ಇರ್ತಿತ್ತು. ಯಾರೋ ಒಳಗೆ ಹೋದ ಮೇಲೆ ಬಾಗಿಲ ಪರದೆ ಇನ್ನೂ ಅಲ್ಲಾಡ್ತಾ ಇರುತ್ತಲ್ಲ, ಹಾಗೆ. ಅದು ಪಿಟೀಲು ಅಂತ ನಮ್ಮಪ್ಪ ಹೇಳಿದ್ರು. ನನಗೆ ಅದು ಬೇಕು ಅನ್ನಿಸ್ತು.” ಅಷ್ಟೇ ಅವರ ಕತೆ. ಅಷ್ಟಕ್ಕೆ ಅರವತ್ತು ವರ್ಷ ಕೊಟ್ಟಿದ್ದಾರೆ.

1895ರಲ್ಲಿ ಹುಟ್ಟಿದ ಚೌಡಯ್ಯನವರು 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯರಾದರು. ವರ್ಷಗಟ್ಟಲೆ ಗುರುಕುಲವಾಸ. ಕೃಷ್ಣಪ್ಪನವರು ಪಿಟೀಲು ವಾದಕರಲ್ಲ, ಹಾಡುಗಾರರು. ಕನ್ನಡದ ದೇವರನಾಮಗಳನ್ನು ಕಚೇರಿಯ ಅಟ್ಟಕ್ಕೆ ಗೌರವದಿಂದ ಏರಿಸಿದ ದೊಡ್ಡ ಕಂಠ. ನನಗೆ ಇದು ಬಹಳ ಮುಖ್ಯವಾಗಿ ಕಾಣುತ್ತದೆ. ಕಮಾನು ಹಿಡಿಯುವವನು ಕಂಠದ ಮನೆಯಲ್ಲಿ ಬೆಳೆದ. ಹಾಡುವವನ ಉಸಿರು ಎಲ್ಲಿ ಮುಗಿಯುತ್ತದೆ, ಒಂದು ಮಾತಿನ ಭಾರ ಯಾವ ಅಕ್ಷರದ ಮೇಲೆ ಬೀಳುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು.

ಆಗ ಕಚೇರಿಗಳಲ್ಲಿ ಮೈಕು ಬಳಕೆಗೆ ಬಂದಿರಲಿಲ್ಲ. ಪೆಂಡಾಲಿನ ತುದಿಯಲ್ಲಿ ಕೂತವನಿಗೆ ಹಾಡು ಕೇಳುತ್ತಿತ್ತು, ಪಿಟೀಲು ಕೇಳುತ್ತಿರಲಿಲ್ಲ. ಆ ಕೊರತೆಯನ್ನು ನೀಗಲೆಂದು ಚೌಡಯ್ಯನವರು 1927ರಲ್ಲಿ ಇದ್ದ ನಾಲ್ಕು ತಂತಿಗೆ ಇನ್ನೂ ಮೂರನ್ನು ಜೊತೆಯಾಗಿ ಕಟ್ಟಿ ಏಳು ತಂತಿಯ ಪಿಟೀಲು ಮಾಡಿದರು. ಹೇಳುವುದಕ್ಕೆ ಸುಲಭ. ಅದರ ಕಷ್ಟವನ್ನು ಮೇಷ್ಟ್ರು ನನ್ನ ಕೈಯಿಂದಲೇ ತಿಳಿಸಿದರು. ಪಿಟೀಲನ್ನು ನನ್ನ ಕಾಲ ಮೇಲಿಟ್ಟು, “ಪಕ್ಕಪಕ್ಕದ ಎರಡು ತಂತಿಯನ್ನ ಒಂದೇ ಬೆರಳಲ್ಲಿ ಒತ್ತಿ” ಎಂದರು. ಒತ್ತಿದೆ. ಕಮಾನನ್ನು ಅವರೇ ಎಳೆದರು. ಒಂದು ತಂತಿ ನುಡಿಯಿತು, ಇನ್ನೊಂದು ಕೀರಲುಗುಟ್ಟಿತು. ಬೆರಳ ತುದಿಯಲ್ಲಿ ಎರಡು ಗೆರೆ ಮೂಡಿ ಉರಿಯುತ್ತಿತ್ತು. “ಕೂದಲೆಳೆಯಷ್ಟು ಅತ್ತಿತ್ತ ಆದ್ರೂ ಎರಡೂ ಜಗಳ ಆಡ್ತವೆ. ಇದನ್ನ ಗಮಕದಲ್ಲಿ ಜಾರಿಸಬೇಕು. ಮೂರು ಗಂಟೆ ಕಚೇರಿ ಪೂರ್ತಿ” ಎಂದರು. ಆಮೇಲೆ ನನ್ನ ಬೆರಳನ್ನೇ ನೋಡುತ್ತ ಸುಮ್ಮನಾದರು.

ಆ ಏಳು ತಂತಿಯೊಂದಿಗೆ ಚೌಡಯ್ಯನವರು ಚೆಂಬೈ ವೈದ್ಯನಾಥ ಭಾಗವತರ ಸಿಂಹಕಂಠಕ್ಕೆ ಜೊತೆ ನಿಂತರು. ಮೃದಂಗಕ್ಕೆ ಪಾಲ್ಘಾಟ್ ಮಣಿ ಅಯ್ಯರ್ ಸೇರಿದರೆ ಆ ಮೂವರ ಕಚೇರಿ ಎಂದರೆ ಜನ ಮುಗಿಬೀಳುತ್ತಿದ್ದರು. ಚೌಡಯ್ಯನವರೇ ಹುರುಪಿನಿಂದ ತೆಗೆದ 1943ರ ‘ವಾಣಿ’ ಚಿತ್ರದಲ್ಲಿ ಮೂವರನ್ನೂ ಒಟ್ಟಿಗೆ ಕಾಣಬಹುದು. ಮೈಸೂರಿನ ಆಸ್ಥಾನ ವಿದ್ವಾಂಸರಾದರು. ತ್ರಿಮಕುಟ ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. ಆ ಅಂಕಿತದಲ್ಲಿ ಹುಟ್ಟೂರಿನ ಹೆಸರೇ ಇದೆ. 1957ರಲ್ಲಿ ಮದರಾಸು ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು. 1967ರ ಜನವರಿ 19ರಂದು ತೀರಿಕೊಂಡರು. ಬೆಂಗಳೂರಿನಲ್ಲಿ ಕೆ.ಕೆ. ಮೂರ್ತಿಯವರು ಕಟ್ಟಿಸಿದ, 1980ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲೇ ಇದೆ. ತಂತಿ, ಬಿರಡೆ, ಕಮಾನು ಸಮೇತ. ದಾರಿಯಲ್ಲಿ ಹೋಗುವ ಮಕ್ಕಳು ಅದನ್ನು ತೋರಿಸಿ ಪಿಟೀಲು ಎನ್ನುವಾಗ ನನಗೆ ಸಂತೋಷವಾಗುತ್ತದೆ.

ಆದರೆ ಅವರ ದೊಡ್ಡತನವನ್ನು ನಾನು ಹುಡುಕುವುದು ಏಳು ತಂತಿಯಲ್ಲಲ್ಲ. ಅಷ್ಟು ದನಿ ಕೈಯಲ್ಲಿದ್ದೂ ಅದನ್ನು ಇನ್ನೊಬ್ಬರ ಹಾಡಿನ ಪಕ್ಕದಲ್ಲಿಟ್ಟರು. ಪಕ್ಕವಾದ್ಯ ಎಂದು ನಾವು ಸಲೀಸಾಗಿ ಅನ್ನುತ್ತೇವೆ. ಹಾಡುವವನು ಮುಂದೆ ಎಲ್ಲಿಗೆ ಹೋಗುತ್ತಾನೆಂದು ಅವನಿಗೇ ತಿಳಿಯದ ಗಳಿಗೆಯಲ್ಲಿ ಅವನ ನೆರಳಿನಂತೆ ಜೊತೆಗೆ ಹೆಜ್ಜೆ ಇಡಬೇಕು. ಅವನು ಬಿಟ್ಟ ಜಾಗವನ್ನು ತುಂಬಬೇಕು, ಅವನ ಜಾಗವನ್ನು ತುಳಿಯಬಾರದು. ಒಬ್ಬ ಮನುಷ್ಯ ಇನ್ನೊಬ್ಬನನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಇಷ್ಟು ಶ್ರದ್ಧೆಯಿಂದ ಕೇಳುವ ಸಂದರ್ಭ ಬದುಕಿನಲ್ಲಿ ಬೇರೆಲ್ಲಿ ಇದೆ?

ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಹಿನ್ನೀರಿನ ಕಡೆ ಹೋದೆ. ಮಾರ್ಚ್ ತಿಂಗಳು, ನೀರು ಇಳಿಯುತ್ತಿತ್ತು. ಜಲಾಶಯದ ಪೂರ್ಣ ಮಟ್ಟ 186 ಅಡಿ. ಹಿಡಿಯುವ ನೀರು ಸುಮಾರು 71 ಟಿಎಂಸಿ. ಕುದುರೆಮುಖದ ಗಂಗಾಮೂಲದಲ್ಲಿ ಹುಟ್ಟಿ ಬರುವ ಭದ್ರೆ ಇಲ್ಲಿ ನಿಂತು, ದಾವಣಗೆರೆಯ ಗದ್ದೆಗಳವರೆಗೆ ಕಾಲುವೆಯಾಗಿ ಹೋಗುತ್ತಾಳೆ. ಅವಳು ನಿಂತ ಜಾಗದಲ್ಲಿ ಊರುಗಳಿದ್ದವು, ತೋಟಗಳಿದ್ದವು. ಇಳಿದ ನೀರಿನಲ್ಲಿ ಎಂದೋ ಸತ್ತ ಮರಗಳ ಬೊಡ್ಡೆಗಳು ಕಪ್ಪಗೆ ಎದ್ದು ನಿಂತಿದ್ದವು, ಒಂದೊಂದರ ಮೇಲೂ ಒಂದು ನೀರುಕಾಗೆ. ದೂರದಲ್ಲಿ ಬಯಲಾಗುತ್ತಿದ್ದ ಮಣ್ಣಿನ ನಡುಗಡ್ಡೆಯ ಮೇಲೆ ರಿವರ್ ಟರ್ನ್ ಹಕ್ಕಿಗಳ ಗದ್ದಲ. ಬೇಸಿಗೆಯಲ್ಲಿ ಅವು ಅಲ್ಲಿಯೇ ಬರಿನೆಲದ ಮೇಲೆ ಮೊಟ್ಟೆ ಇಡುತ್ತವೆ.

ಎತ್ತರದ ದಡದಲ್ಲಿ ನಿಂತರೆ ನೀರಿನ ಅಂಚು ಪೂರ್ತಿ ಕಾಣುತ್ತದೆ. ಗುಡ್ಡದ ಪ್ರತಿಯೊಂದು ಮಡಿಲಿಗೂ ಅದು ಹೊಕ್ಕಿದೆ. ಕಣಿವೆ ಕಿರಿದಾದಲ್ಲಿ ಕಿರಿದಾಗಿ, ಹರಡಿದಲ್ಲಿ ಹರಡಿ, ಹಳ್ಳದ ಬಾಯಿಯೊಳಗೆ ಬೆರಳಿನಂತೆ ಸರಿದಿದೆ. ಹಿಂದಿನ ಸಂಜೆಯ ಮಾತು ನನ್ನನ್ನು ಬಿಟ್ಟಿರಲಿಲ್ಲ. ಮೊಬೈಲಿನಲ್ಲಿ ಚೌಡಯ್ಯನವರ ಹಳೆಯ ಮುದ್ರಣವೊಂದನ್ನು ಹಾಕಿ ಕಿವಿಗೆ ಹಿಡಿದೆ. ಕರಕರ ಸದ್ದಿನ ಹಿಂದಿನಿಂದ ಹಾಡು ಬಂತು, ಅದರ ಅಂಚಿನುದ್ದಕ್ಕೂ ಪಿಟೀಲು ಹರಿಯಿತು. ರಾಗ ಇಳಿದಲ್ಲಿ ಇಳಿದು, ತಿರುಗಿದಲ್ಲಿ ತಿರುಗಿ, ಎಲ್ಲೂ ಒಂದು ಸಂದು ಬಿಡದೆ. ಸೂರ್ಯ ಮೇಲೆ ಬರುವವರೆಗೂ ಅಲ್ಲೇ ನಿಂತಿದ್ದೆ.

ಮನೆಗೆ ಮರಳಿದಾಗ ಮೇಷ್ಟ್ರ ಮೊಮ್ಮಗಳು ಶಾಲೆಯ ಸಮವಸ್ತ್ರ ಹಾಕಿಕೊಂಡು ಜಗಲಿಯ ಅಂಚಿನಲ್ಲಿ ಕೂತಿದ್ದಳು. ಎಂಟು ವರ್ಷ ಇರಬಹುದು. ಶಾಲೆಯ ಸಮಾರಂಭಕ್ಕೆ ದೇವರನಾಮ ಹಾಡಬೇಕಂತೆ, ಒಂದು ಸಲ ಹೇಳಿ ನೋಡುತ್ತಿದ್ದಳು. ಮೇಷ್ಟ್ರು ಪಿಟೀಲು ಎದೆಗೆ ಆನಿಸಿಕೊಂಡು ಅವಳ ಜೊತೆ ಎಳೆದರು. ಕೂಡಲಿಲ್ಲ. ಹುಡುಗಿ ತನಗೆ ಹಿತವಾದಷ್ಟು ಕೆಳಗಿನ ಶ್ರುತಿಯಲ್ಲಿ ಶುರು ಮಾಡಿದ್ದಳು. ಸ್ವಲ್ಪ ಮೇಲೆ ಎತ್ತಿಕೋ ಎಂದು ಅವರು ಹೇಳುತ್ತಾರೆಂದು ನಾನು ಕಾದೆ. ಹೇಳಲಿಲ್ಲ. ಕಮಾನನ್ನು ಮಡಿಲಲ್ಲಿಟ್ಟು ಮೊದಲ ಬಿರಡೆಯನ್ನು ಹಿಡಿದು ಮೆಲ್ಲಗೆ ಸಡಿಲಿಸಿದರು, ತಂತಿಯನ್ನು ಮೀಟಿ ಕಿವಿಗೊಟ್ಟರು, ಇನ್ನಷ್ಟು ಸಡಿಲಿಸಿದರು. ಆಮೇಲೆ ಎರಡನೆಯದು, ಮೂರನೆಯದು. ಹುಡುಗಿ ಕಾಲು ಆಡಿಸುತ್ತ ಕಾಯುತ್ತಿದ್ದಳು. ಶಾಲೆಗೆ ಹೊತ್ತಾಯಿತೆಂದು ಒಳಗಿನಿಂದ ಕೂಗಿದರು. ಮೇಷ್ಟ್ರು ಅವಸರ ಮಾಡಲಿಲ್ಲ. ನಾಲ್ಕನೆಯ ತಂತಿ ಇಳಿದಿಳಿದು ಅವಳ ದನಿಗೆ ಬಂದು ಕೂತಾಗ ತಲೆಯಾಡಿಸಿದರು. ಅವಳು ಮೊದಲಿನಿಂದ ಹಾಡತೊಡಗಿದಳು.